ವಿನೈಲ್ ಹಾಸಿನ ಅಡಿಯ ನೆಲ

ನಮ್ಮ ಮನೆಯ ಮಲಗುವ ಕೋಣೆಗೆ ವಿನೈಲ್ ಹಾಳೆ ಹಾಸಿ ಮೂರು ವಾರ ಕಳೆದಿತ್ತು. ಒಂದು ಸಂಜೆ ಕಿಟಕಿಯಿಂದ ಬಿಸಿಲು ಓರೆಯಾಗಿ ಬಿದ್ದಾಗ, ಕೋಣೆಯ ನಡುವೆ ಬಿಲ್ಲಿನಾಕಾರದ ಒಂದು ಗೆರೆ ಎದ್ದು ಕಾಣಿಸಿತು. ಮೊಣಕಾಲೂರಿ ಬೆರಳಿನಿಂದ ಸವರಿ ನೋಡಿದೆ. ಉಗುರಿನ ದಪ್ಪದಷ್ಟೂ ಇಲ್ಲದ ಒಂದು ಏಣು ಬೆರಳಿಗೆ ತಗುಲಿತು. ಎಷ್ಟೋ ವರ್ಷಗಳ ಹಿಂದೆ ಯಾರೋ ಕೆಲಸಗಾರರು ಸಿಮೆಂಟ್ ನೆಲವನ್ನು ನಯಗೊಳಿಸುವಾಗ ಕರಣೆಯ ಅಂಚು ಬಿಟ್ಟುಹೋದ ಗುರುತು ಅದು. ಹಾಸುವ ಮೊದಲು ನಾನು ಆ ನೆಲವನ್ನು ಗುಡಿಸಿದ್ದೆ, ಒರೆಸಿದ್ದೆ, ಕಣ್ಣಿಗೆ ನುಣುಪಾಗಿ ಕಂಡದ್ದರಿಂದ ಸಾಕೆಂದುಕೊಂಡಿದ್ದೆ. ಅದೇ ತಿಂಗಳ ಕೊನೆಗೆ ಸ್ನಾನಗೃಹದ ಗೋಡೆಗೆ ಹೊಂದಿಕೊಂಡ ಭಾಗದಲ್ಲಿ ಹಾಳೆ ಅಂಗೈಯಗಲ ಉಬ್ಬಿ ನಿಂತಿತು. ಇಡೀ ಹಾಸನ್ನು ಕಿತ್ತು ಮೊದಲಿನಿಂದ ಮಾಡಬೇಕಾಯಿತು. ಆ ಎರಡನೆಯ ಸಲ ಮಾಡಿದ ಕೆಲಸವನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆದಿಡುತ್ತಿದ್ದೇನೆ.

ಮನೆಗಳಲ್ಲಿ ಬಳಸುವ ವಿನೈಲ್ ಹಾಳೆಯ ದಪ್ಪ ಸಾಮಾನ್ಯವಾಗಿ 2ರಿಂದ 3 ಮಿಲಿಮೀಟರ್ ಆಸುಪಾಸಿನಲ್ಲಿರುತ್ತದೆ. ಅದರ ಮೂಲವಸ್ತು ಪಿವಿಸಿ. ಗಡುಸಾದ ಆ ಪ್ಲಾಸ್ಟಿಕ್ಕಿಗೆ ಬಾಗುವ ಗುಣ ಬರಲೆಂದು ಪ್ಲಾಸ್ಟಿಸೈಸರ್ ಎಂಬ ದ್ರವ್ಯವನ್ನು ಬೆರೆಸಿರುತ್ತಾರೆ. ಕಲ್ಲಿನ ಚಪ್ಪಡಿಯಾಗಲಿ ಮರದ ಹಲಗೆಯಾಗಲಿ ಅಡಿಯಲ್ಲಿರುವ ಸಣ್ಣ ಹೊಂಡವನ್ನು ಸೇತುವೆಯಂತೆ ದಾಟಿ ನಿಲ್ಲುತ್ತದೆ. ವಿನೈಲ್‌ಗೆ ಆ ಶಕ್ತಿಯಿಲ್ಲ. ನಡೆದಾಡುವ ಭಾರಕ್ಕೆ ಅದು ದಿನದಿನವೂ ಸ್ವಲ್ಪ ಸ್ವಲ್ಪ ಕೆಳಗಿಳಿದು, ಕೊನೆಗೆ ತನ್ನ ಅಡಿಯ ನೆಲದ ಅಚ್ಚನ್ನೇ ತಾಳುತ್ತದೆ. ಹಾಸಿದ ದಿನ ಚೆನ್ನಾಗಿ ಕಂಡ ನೆಲ ಮೂರು ವಾರಗಳ ನಂತರ ದೋಷ ತೋರಿಸುವುದಕ್ಕೆ ಇದೇ ಕಾರಣ. ಒಂದಕ್ಕೊಂದು ಸಿಕ್ಕಿಸಿ ಜೋಡಿಸುವ ಗಡುಸಾದ ವಿನೈಲ್ ಪಟ್ಟಿಗಳು ಸಣ್ಣ ಗೆರೆಗಳನ್ನು ಮುಚ್ಚಿಕೊಳ್ಳುತ್ತವೆಯಾದರೂ, ಅವುಗಳ ತೊಂದರೆ ಬೇರೆ ಬಗೆಯದು. ತಗ್ಗಿನ ಮೇಲೆ ನಿಂತ ಪಟ್ಟಿ ಪ್ರತಿ ಹೆಜ್ಜೆಗೂ ಕುಸಿದು ಮೇಲೇಳುತ್ತದೆ. ಹೀಗೆ ಸಾವಿರಾರು ಸಲ ಬಾಗಿದ ಮೇಲೆ ಅಂಚಿನಲ್ಲಿರುವ ತೆಳುವಾದ ಕೊಂಡಿ ಮುರಿದು ಪಟ್ಟಿಗಳ ನಡುವೆ ಸಂದು ಬಿಡುತ್ತದೆ. ಹಾಳೆಯಿರಲಿ ಪಟ್ಟಿಯಿರಲಿ, ಅಡಿಯ ನೆಲ ಗಟ್ಟಿಯಾಗಿ, ಒಣಗಿ, ಸಪಾಟಾಗಿ, ಶುಚಿಯಾಗಿ ಇರಲೇಬೇಕು.

ಈ ನಾಲ್ಕರಲ್ಲಿ ನಾನು ಎಲ್ಲಕ್ಕಿಂತ ಮೊದಲು ನೋಡಬೇಕಾಗಿದ್ದದ್ದು ಒಣಗಿರುವುದನ್ನು. ಹಾಗೆ ನೋಡದೆ ಹೋದದ್ದಕ್ಕೇ ಆ ಉಬ್ಬು ಎದ್ದದ್ದು.

ಕಾಂಕ್ರೀಟ್ ಕಣ್ಣಿಗೆ ಕಲ್ಲಿನಂತೆ ಕಂಡರೂ ಅದರೊಳಗೆ ಕೂದಲಿಗಿಂತ ಸಣ್ಣ ರಂಧ್ರಗಳ ಜಾಲವಿರುತ್ತದೆ. ಕಾಂಕ್ರೀಟ್ ಕಲಸುವಾಗ ಹಾಕಿದ ನೀರಿನಲ್ಲಿ ಒಂದು ಭಾಗ ಮಾತ್ರ ಸಿಮೆಂಟಿನೊಂದಿಗೆ ಸೇರಿ ಗಟ್ಟಿಯಾಗುತ್ತದೆ. ಉಳಿದದ್ದು ತಿಂಗಳುಗಟ್ಟಲೆ ಆವಿಯಾಗಿ ಹೊರಹೋಗುತ್ತಿರುತ್ತದೆ. ಗಟ್ಟಿಯಾಗಲೆಂದು ಬಿಡುವ 28 ದಿನಗಳ ಅವಧಿ, ಅಂದರೆ ಕ್ಯೂರಿಂಗ್, ಮುಗಿಯಿತೆಂದರೆ ಕಾಂಕ್ರೀಟ್ ಒಣಗಿತೆಂದು ಹಲವರು ಭಾವಿಸುತ್ತಾರೆ. ಆ 28 ದಿನ ಬಲಕ್ಕೆ ಸಂಬಂಧಿಸಿದ ಲೆಕ್ಕವೇ ಹೊರತು ಒಣಗುವಿಕೆಗೆ ಸಂಬಂಧಿಸಿದ್ದಲ್ಲ. ಮೊದಲ 50 ಮಿಲಿಮೀಟರ್ ದಪ್ಪದವರೆಗೆ ದಿನಕ್ಕೆ 1 ಮಿಲಿಮೀಟರ್‌ನಂತೆ ಒಣಗುತ್ತದೆ, ಅದಕ್ಕಿಂತ ದಪ್ಪವಿದ್ದರೆ ಇನ್ನೂ ನಿಧಾನ ಎಂಬ ಸ್ಥೂಲ ಅಂದಾಜು ಈ ಕೆಲಸದವರಲ್ಲಿ ರೂಢಿಯಲ್ಲಿದೆ. 100 ಮಿಲಿಮೀಟರ್ ದಪ್ಪದ ಹೊಸ ಕಾಂಕ್ರೀಟಿಗೆ ಇದರಂತೆ ಮೂರು ತಿಂಗಳೂ ಸಾಲದು. ನೆಲ ಹಳೆಯದಾಗಿದ್ದರೂ ನಿಶ್ಚಿಂತೆಯಿಲ್ಲ. ಕಾಂಕ್ರೀಟಿನ ಅಡಿಯಲ್ಲಿ ತೇವ ತಡೆಯುವ ಪ್ಲಾಸ್ಟಿಕ್ ಹಾಳೆ ಹಾಕದಿದ್ದರೆ ಮಣ್ಣಿನ ತೇವ ಸದಾ ಮೇಲಕ್ಕೆ ಏರುತ್ತಲೇ ಇರುತ್ತದೆ. ತೆರೆದ ನೆಲದಲ್ಲಿ ಅದು ಗಾಳಿಗೆ ಆರಿಹೋಗುವುದರಿಂದ ನಮಗೆ ತಿಳಿಯುವುದಿಲ್ಲ.

ಅಂಥ ನೆಲದ ಮೇಲೆ ವಿನೈಲ್ ಹಾಸುವುದೆಂದರೆ ಕುದಿಯುವ ಪಾತ್ರೆಗೆ ಮುಚ್ಚಳವಿಟ್ಟಂತೆ. ವಿನೈಲ್ ಮೂಲಕ ಆವಿ ಹಾದುಹೋಗುವುದಿಲ್ಲ. ಮೇಲೇರಿ ಬಂದ ತೇವ ಹಾಳೆಯ ಅಡಿಯಲ್ಲಿ ನಿಂತು, ಕಾಂಕ್ರೀಟಿನ ಕ್ಷಾರವನ್ನು ಕರಗಿಸಿಕೊಂಡು ಅಂಟಿನ ಮೇಲೆ ಕೆಲಸ ಮಾಡುತ್ತದೆ. ನಾನು ಉಬ್ಬಿದ ಭಾಗವನ್ನು ಕೊಯ್ದು ತೆರೆದಾಗ, ಅಲ್ಲಿನ ಅಂಟು ಗಂಜಿಯಂತೆ ಲೋಳೆಯಾಗಿತ್ತು. ಒಂದಿಷ್ಟು ಕಮಟು ವಾಸನೆಯೂ ಬಂತು. ಎರಡು ಅಡಿ ದೂರದಲ್ಲಿ ಅದೇ ಅಂಟು ಒಣಗಿ, ಹಾಳೆಯನ್ನು ಎಳೆದರೆ ಹರಿಯುವಷ್ಟು ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಒಂದೇ ಡಬ್ಬಿಯ ಅಂಟು, ಒಂದೇ ದಿನದ ಕೆಲಸ. ಬೇರೆಯಾಗಿದ್ದದ್ದು ಅಡಿಯ ತೇವ ಮಾತ್ರ.

ತೇವವನ್ನು ಮನೆಯಲ್ಲೇ ಪರೀಕ್ಷಿಸುವ ಅತ್ಯಂತ ಸರಳ ವಿಧಾನವೆಂದರೆ ಪ್ಲಾಸ್ಟಿಕ್ ಹಾಳೆಯದು. ಸುಮಾರು 45 ಸೆಂಟಿಮೀಟರ್ ಚೌಕದ ಪಾರದರ್ಶಕ, ದಪ್ಪನೆಯ ಹಾಳೆಯನ್ನು ಬರಿಯ ಕಾಂಕ್ರೀಟಿನ ಮೇಲಿಟ್ಟು ನಾಲ್ಕೂ ಅಂಚನ್ನು ಗಾಳಿಯಾಡದಂತೆ ಟೇಪಿನಿಂದ ಮುಚ್ಚಿ, ಕನಿಷ್ಠ 16 ಗಂಟೆ ಬಿಡಬೇಕು. ಆಮೇಲೆ ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಅಥವಾ ಅಡಿಯ ಕಾಂಕ್ರೀಟ್ ಸುತ್ತಲಿನದಕ್ಕಿಂತ ಕಪ್ಪಾಗಿದ್ದರೆ ನೆಲದಲ್ಲಿ ತೇವ ಇದೆಯೆಂದರ್ಥ. ನಾನು ಕೋಣೆಯ ನಾಲ್ಕು ಮೂಲೆಗಳಲ್ಲಿ ಮತ್ತು ನಡುವೆ ಹೀಗೆ ಐದು ಹಾಳೆಗಳನ್ನು ಅಂಟಿಸಿದೆ. ಮರುದಿನ ಬೆಳಗ್ಗೆ ನಾಲ್ಕು ಹಾಳೆಗಳ ಅಡಿ ಬೂದುಬಣ್ಣ ಹಾಗೆಯೇ ಇತ್ತು. ಸ್ನಾನಗೃಹದ ಗೋಡೆಯ ಪಕ್ಕದ ಹಾಳೆಯ ಅಡಿಯಲ್ಲಿ ಮಾತ್ರ ಕಾಂಕ್ರೀಟ್ ಒದ್ದೆ ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ಪ್ಲಾಸ್ಟಿಕ್ಕಿನ ಒಳಗೆ ಸೂಜಿಮೊನೆಯಷ್ಟು ಸಣ್ಣ ಹನಿಗಳು ಸಾಲುಗಟ್ಟಿದ್ದವು.

ಈ ಪರೀಕ್ಷೆಗೆ ಒಂದು ಮಿತಿಯಿದೆ. ಹನಿ ಕಂಡರೆ ತೇವ ಇರುವುದು ನಿಶ್ಚಯ. ಕಾಣದಿದ್ದರೆ ಇಲ್ಲವೆಂದು ಹೇಳಲಾಗದು. ಮೇಲ್ಮೈ ಒಣಗಿ ಒಳಗೆ ತೇವ ಉಳಿದಿರಬಹುದು, ಚಳಿಯ ದಿನಗಳಲ್ಲಿ ಆವಿ ಮೇಲೇರುವುದೇ ಕಡಿಮೆಯಾಗಿರಬಹುದು. ಅಂಕಿಯಲ್ಲಿ ಉತ್ತರ ಬೇಕಾದವರು ಬೇರೆ ಎರಡು ಪರೀಕ್ಷೆಗಳನ್ನು ಮಾಡಿಸುತ್ತಾರೆ. ಮೊದಲನೆಯದರಲ್ಲಿ ತೂಕ ಮಾಡಿದ ಕ್ಯಾಲ್ಸಿಯಂ ಕ್ಲೋರೈಡನ್ನು ನೆಲದ ಮೇಲೆ ಗುಮ್ಮಟದಂಥ ಮುಚ್ಚಳದೊಳಗೆ 60ರಿಂದ 72 ಗಂಟೆ ಇಟ್ಟು, ಅದು ಹೀರಿಕೊಂಡ ತೇವವನ್ನು ಮತ್ತೆ ತೂಗಿ ಕಂಡುಹಿಡಿಯುತ್ತಾರೆ. 24 ಗಂಟೆಗಳಲ್ಲಿ 1000 ಚದರ ಅಡಿಗೆ 3 ಪೌಂಡ್, ಅಂದರೆ ಸುಮಾರು 1.36 ಕಿಲೋಗ್ರಾಂ ತೇವ ಎಂಬುದು ಇದರಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಮಿತಿ. ಎರಡನೆಯದರಲ್ಲಿ ಕಾಂಕ್ರೀಟಿಗೆ ರಂಧ್ರ ಕೊರೆದು ಒಳಗಿನ ಸಾಪೇಕ್ಷ ಆರ್ದ್ರತೆಯನ್ನು ಅಳೆಯುತ್ತಾರೆ. ಒಂದೇ ಮುಖದಿಂದ ಒಣಗುವ ಕಾಂಕ್ರೀಟಿನಲ್ಲಿ ದಪ್ಪದ ಶೇಕಡಾ 40ರಷ್ಟು ಆಳದಲ್ಲಿ ಅಳೆಯುವುದು ನಿಯಮ, ಏಕೆಂದರೆ ಮುಚ್ಚಿದ ಮೇಲೆ ಇಡೀ ಕಾಂಕ್ರೀಟಿನ ತೇವ ಹಂಚಿಕೊಂಡು ಹೆಚ್ಚುಕಡಿಮೆ ಆ ಆಳದ ಮಟ್ಟಕ್ಕೇ ಬಂದು ನಿಲ್ಲುತ್ತದೆ. ಶೇಕಡಾ 75 ಎಂಬ ಮಿತಿಯನ್ನು ಹಲವು ಕಡೆ ಹೇಳುತ್ತಾರೆ. ಆದರೂ ಕೊಂಡುಕೊಂಡ ಹಾಸು ಮತ್ತು ಅಂಟಿನ ತಯಾರಕರು ಬರೆದಿರುವ ಅಂಕಿಯನ್ನೇ ಕೊನೆಯ ಮಾತಾಗಿ ಇಟ್ಟುಕೊಳ್ಳುವುದು ಕ್ಷೇಮ.

ತೇವ ಕಂಡೊಡನೆ ಅದನ್ನು ಮುಚ್ಚುವ ಲೇಪ ಯಾವುದೆಂದು ಹುಡುಕುವುದಕ್ಕಿಂತ ಅದು ಎಲ್ಲಿಂದ ಬರುತ್ತಿದೆಯೆಂದು ಹುಡುಕುವುದು ಮುಖ್ಯ. ನನಗೆ ಇದನ್ನು ತಿಳಿಸಿಕೊಟ್ಟವರು ಗಾರೆ ಕೆಲಸದಲ್ಲಿ ಜೀವಮಾನ ಕಳೆದ ಹಿರಿಯರೊಬ್ಬರು. ಅವರು ಕಪ್ಪಾದ ಜಾಗವನ್ನು ಅಂಗೈಯಿಂದ ಮುಟ್ಟಿ ನೋಡಿ, “ಇದು ಮಣ್ಣಿನ ಥಂಡಿ ಅಲ್ಲ, ಒಂದೇ ಕಡೆ ಇದೆ. ಗೋಡೆಯೊಳಗೆ ಪೈಪ್ ಸೋರುತ್ತಿರಬೇಕು ನೋಡಿ” ಎಂದರು. ಗೋಡೆ ಒಡೆದು ನೋಡಿದಾಗ ನಲ್ಲಿಯ ಪೈಪಿನ ಒಂದು ಜೋಡಣೆಯಲ್ಲಿ ನೀರು ಜಿನುಗುತ್ತಿತ್ತು. ಅದನ್ನು ಸರಿಪಡಿಸಿ, ಬಾಗಿಲು ಕಿಟಕಿ ತೆರೆದಿಟ್ಟು, ಫ್ಯಾನ್ ಹಾಕಿ ಆರು ವಾರ ಕಾಯ್ದೆ. ಎರಡು ವಾರಕ್ಕೊಮ್ಮೆ ಅದೇ ಜಾಗದಲ್ಲಿ ಪ್ಲಾಸ್ಟಿಕ್ ಅಂಟಿಸಿ ನೋಡಿದೆ. ಮೂರನೆಯ ಸಲ ಅಡಿಯ ಬಣ್ಣ ಬದಲಾಗಲಿಲ್ಲ. ತೇವ ಅಡಿಯ ಮಣ್ಣಿನಿಂದಲೇ ಬರುತ್ತಿದ್ದರೆ ಕಾಯುವುದರಿಂದ ಪ್ರಯೋಜನವಿಲ್ಲ. ಆಗ ಕಾಂಕ್ರೀಟಿನ ಮೈಯನ್ನು ಉಜ್ಜಿ ತೆರೆದು, ಎರಡು ಭಾಗಗಳನ್ನು ಬೆರೆಸಿ ಹಚ್ಚುವ ಎಪಾಕ್ಸಿಯಂಥ ತೇವತಡೆ ಲೇಪ ಕೊಡಬೇಕಾಗುತ್ತದೆ. ಅಂಟಿಲ್ಲದೆ ತೇಲುವಂತೆ ಜೋಡಿಸುವ ಪಟ್ಟಿಗಳ ಅಡಿಗಾದರೆ ಪಾಲಿಥಿನ್ ಹಾಳೆಯನ್ನು ಒಂದರ ಮೇಲೊಂದು ಗೇಣಗಲ ಏರುವಂತೆ ಹಾಸಬಹುದು.

ಇನ್ನು ಸಪಾಟುತನದ ಮಾತು. ಮಟ್ಟ ಮತ್ತು ಸಪಾಟು ಎಂಬ ಎರಡು ಮಾತುಗಳನ್ನು ನಾವು ಒಂದೇ ಅರ್ಥದಲ್ಲಿ ಬಳಸಿಬಿಡುತ್ತೇವೆ. ರಸಮಟ್ಟವಿಟ್ಟು ನೋಡಿದಾಗ ಗುಳ್ಳೆ ನಡುವೆ ನಿಂತರೆ ನೆಲ ಮಟ್ಟವಾಗಿದೆ. ಸಪಾಟುತನಕ್ಕೂ ಅದಕ್ಕೂ ಸಂಬಂಧವಿಲ್ಲ. ಇಡೀ ಕೋಣೆ ಒಂದು ಕಡೆಗೆ ಒಂದಿಷ್ಟು ವಾಟವಾಗಿದ್ದರೂ ವಿನೈಲ್‌ಗೆ ಏನೂ ಆಗುವುದಿಲ್ಲ, ಆ ವಾಟದುದ್ದಕ್ಕೂ ಉಬ್ಬುತಗ್ಗು ಇಲ್ಲದಿದ್ದರೆ ಸಾಕು. ಮಟ್ಟ ಸರಿಪಡಿಸಲು ಹೋಗಿ ಅನವಶ್ಯಕವಾಗಿ ಕೋಣೆ ತುಂಬ ಗಾರೆ ಸುರಿದವರನ್ನು ನೋಡಿದ್ದೇನೆ. ಸಪಾಟು ನೋಡಲು ರಸಮಟ್ಟ ಬೇಡ. 2 ಅಥವಾ 3 ಮೀಟರ್ ಉದ್ದದ, ಬಾಗಿರದ ಅಲ್ಯೂಮಿನಿಯಂ ಪಟ್ಟಿ ಬೇಕು. ಅದನ್ನು ನೆಲದ ಮೇಲಿಟ್ಟು, ಅಡಿಯಲ್ಲಿ ಬೆಳಕು ತೂರುವ ಕಡೆಗಳನ್ನು ಗುರುತಿಸುತ್ತ, ಗಡಿಯಾರದ ಮುಳ್ಳಿನಂತೆ ತಿರುಗಿಸುತ್ತ ಇಡೀ ಕೋಣೆಯನ್ನು ಸುತ್ತಬೇಕು. 3 ಮೀಟರ್ ಉದ್ದದಲ್ಲಿ 5 ಮಿಲಿಮೀಟರ್‌ಗಿಂತ ಹೆಚ್ಚಿನ ವ್ಯತ್ಯಾಸ ಇರಬಾರದೆಂಬುದು ಸಾಮಾನ್ಯವಾಗಿ ಕೊಡುವ ಅಳತೆ. ಅದು ನಿಧಾನವಾಗಿ ಏರಿಳಿಯುವ ವ್ಯತ್ಯಾಸಕ್ಕೆ ಮಾತ್ರ ಅನ್ವಯಿಸುತ್ತದೆ. ಒಂದು ಗೇಣಿನೊಳಗೆ ಎದ್ದು ಇಳಿಯುವ ಏಣಾದರೆ 1 ಮಿಲಿಮೀಟರ್ ಇದ್ದರೂ ಹಾಳೆಯ ಮೇಲೆ ಮೂಡುತ್ತದೆ. ಅದಕ್ಕೆ ಪಟ್ಟಿಗಿಂತ ಟಾರ್ಚ್ ಒಳ್ಳೆಯದು. ರಾತ್ರಿ ದೀಪವಾರಿಸಿ ಟಾರ್ಚನ್ನು ನೆಲಕ್ಕೆ ತಾಗಿಸಿ ಮಲಗಿಸಿದೆ. ಹಗಲಿನಲ್ಲಿ ನುಣ್ಣಗೆ ಕಂಡಿದ್ದ ನೆಲದಲ್ಲಿ ಕರಣೆಯ ಒಂದೊಂದು ಬೀಸು, ಎಂದೋ ಬಿದ್ದು ಗಟ್ಟಿಯಾದ ಬಣ್ಣದ ಹನಿ, ಹಳೆಯ ಗಾರೆಯ ತುಣುಕು, ಎಲ್ಲವೂ ಉದ್ದುದ್ದ ನೆರಳು ಚೆಲ್ಲಿ ನಿಂತಿದ್ದವು. ಆ ರಾತ್ರಿ ನಾನು ಮೂವತ್ತೇಳು ಕಡೆ ಗುರುತು ಹಾಕಿದೆ.

ಗುರುತು ಹಾಕುವುದು ಪೆನ್ಸಿಲಿನಲ್ಲಿಯೇ ಆಗಬೇಕು. ಇದು ಸಣ್ಣ ವಿಷಯವೆನಿಸಬಹುದು, ಆದರೆ ಇದರಲ್ಲಿ ತಪ್ಪಿದರೆ ಸರಿಪಡಿಸುವ ದಾರಿಯೇ ಇಲ್ಲ. ಮಾರ್ಕರ್ ಪೆನ್ನು, ಬಾಲ್‌ಪೆನ್ನುಗಳ ಶಾಯಿಯನ್ನು ವಿನೈಲ್‌ನಲ್ಲಿರುವ ಪ್ಲಾಸ್ಟಿಸೈಸರ್ ಕರಗಿಸಿ ಎಳೆದುಕೊಳ್ಳುತ್ತದೆ. ಅಡಿಯ ಗೆರೆ ತಿಂಗಳುಗಳ ನಂತರ ಹಾಳೆಯನ್ನು ದಾಟಿ ಮೇಲ್ಮೈಯಲ್ಲಿ ಕಾಣಿಸಿಕೊಳ್ಳುತ್ತದೆ, ಅದನ್ನು ಯಾವ ದ್ರಾವಣದಿಂದಲೂ ಉಜ್ಜಿ ತೆಗೆಯಲಾಗದು, ಏಕೆಂದರೆ ಕಲೆ ಇರುವುದು ಹಾಳೆಯ ಒಳಗೆ. ಡಾಂಬರು, ಎಣ್ಣೆಯ ಕಲೆ, ಹಳೆಯ ಕಪ್ಪು ಅಂಟು ಇವು ಕೂಡ ಹೀಗೆಯೇ ಮೇಲೇರುತ್ತವೆ.

ಉಬ್ಬನ್ನು ಮೊದಲು ತೆಗೆದು ಆಮೇಲೆ ತಗ್ಗನ್ನು ತುಂಬುವುದು ಸರಿಯಾದ ಕ್ರಮ. ಎತ್ತರದ ಒಂದು ದಿಬ್ಬವನ್ನು ಹಾಗೆಯೇ ಬಿಟ್ಟು ಅದರ ಎತ್ತರಕ್ಕೆ ಇಡೀ ಕೋಣೆಯನ್ನು ತುಂಬಿಸಲು ಹೊರಟರೆ ಚೀಲಗಟ್ಟಲೆ ವಸ್ತು ವ್ಯರ್ಥವಾಗುತ್ತದೆ, ಬಾಗಿಲೂ ನೆಲಕ್ಕೆ ತಾಗುತ್ತದೆ. ಸಣ್ಣ ಏಣುಗಳನ್ನು ಉಜ್ಜುಕಲ್ಲಿನಿಂದ ಕೈಯಲ್ಲೇ ತೆಗೆಯಬಹುದು. ದೊಡ್ಡದಕ್ಕೆ ವಜ್ರದ ಬಿಲ್ಲೆಯುಳ್ಳ ಗ್ರೈಂಡರ್ ಬೇಕು. ಕಾಂಕ್ರೀಟಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಸೇರಿದರೆ ವಾಸಿಯಾಗದ ಕಾಯಿಲೆ ತರುತ್ತದೆ. ಆದ್ದರಿಂದ ಧೂಳು ಎಳೆದುಕೊಳ್ಳುವ ಯಂತ್ರವನ್ನು ಜೋಡಿಸದೆ, ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್ ಧರಿಸದೆ ಈ ಕೆಲಸಕ್ಕೆ ಕೈಹಾಕಬಾರದು. ಮೂಗಿಗೆ ಕಟ್ಟಿಕೊಂಡ ಬಟ್ಟೆ ಸಾಲದು.

ಅದಕ್ಕಿಂತಲೂ ಕಠಿಣವಾದ ಎಚ್ಚರಿಕೆಯೊಂದನ್ನು ಹಳೆಯ ಮನೆಗಳಲ್ಲಿ ವಾಸಿಸುವವರಿಗೆ ಹೇಳಬೇಕು. 1980ರ ದಶಕಕ್ಕಿಂತ ಹಿಂದೆ ಹಾಕಿದ ವಿನೈಲ್ ಟೈಲುಗಳಲ್ಲಿ, ಅದರಲ್ಲೂ 9 ಅಂಗುಲದ ಚೌಕಗಳಲ್ಲಿ, ಮತ್ತು ಅವುಗಳ ಅಡಿಯ ಕಪ್ಪು ಅಂಟಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆಯಿದೆ. ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸದೆ ಅಂಥದನ್ನು ಉಜ್ಜುವುದಾಗಲಿ, ಕೆರೆಯುವುದಾಗಲಿ, ಒಡೆಯುವುದಾಗಲಿ ಕೂಡದು. ಅವು ಗಟ್ಟಿಯಾಗಿ ಕಚ್ಚಿಕೊಂಡಿದ್ದರೆ ಮುಟ್ಟದೆ ಮೇಲೆ ಬೇರೊಂದು ಪದರ ಹಾಕಿ ಮುಚ್ಚಿಬಿಡುವುದೇ ಎಷ್ಟೋ ಸಲ ಸುರಕ್ಷಿತ.

ತಗ್ಗು ತುಂಬುವ ವಸ್ತುವಿನ ಬಗ್ಗೆ ನನಗೆ ಸ್ಪಷ್ಟ ಅಭಿಪ್ರಾಯವಿದೆ. ಗೋಡೆಗೆ ಬಳಿಯುವ ಪುಟ್ಟಿಯನ್ನು ನೆಲಕ್ಕೆ ಎಂದೂ ಬಳಸಬಾರದು. ಕುರ್ಚಿಯ ಕಾಲಿನ ಒತ್ತಡಕ್ಕೆ ಅದು ಹಾಳೆಯ ಅಡಿಯಲ್ಲೇ ಪುಡಿಯಾಗುತ್ತದೆ. ಮಾಮೂಲಿ ಸಿಮೆಂಟ್ ಗಾರೆಯನ್ನು ತೆಳ್ಳಗೆ ಎಳೆದರೆ ಅಂಚಿನಲ್ಲಿ ಸಿಪ್ಪೆಯಂತೆ ಏಳುತ್ತದೆ. ನೆಲಕ್ಕೆಂದೇ ತಯಾರಾದ, ಪಾಲಿಮರ್ ಬೆರೆತ ಸಿಮೆಂಟಿನ ತೇಪೆಪುಡಿ ಸಿಗುತ್ತದೆ. ಅಂಚಿನಲ್ಲಿ ಕಾಗದದಷ್ಟು ತೆಳ್ಳಗೆ ಎಳೆದರೂ ಅದು ಕಚ್ಚಿಕೊಳ್ಳುತ್ತದೆ. ಹತ್ತಿಪ್ಪತ್ತು ತಗ್ಗುಗಳಿಗೆ ಅದು ಸಾಕು. ಕೋಣೆಯ ಉದ್ದಕ್ಕೂ ಅಲೆಗಳಿದ್ದರೆ ಮಾತ್ರ, ಸುರಿದಾಗ ತಾನೇ ಹರಿದು ಸಮನಾಗುವ ಸೆಲ್ಫ್ ಲೆವೆಲಿಂಗ್ ಮಿಶ್ರಣದ ಮೊರೆಹೋಗಬೇಕು. ಬಿರುಕುಗಳಲ್ಲಿ ಕುಗ್ಗುವಿಕೆಯಿಂದ ಬಂದ ಕೂದಲೆಳೆಯಂಥವನ್ನು ತುಂಬಬಹುದು. ಎರಡು ಬದಿಗಳ ಎತ್ತರ ಬೇರೆಯಾಗಿರುವ ಬಿರುಕು ಅಥವಾ ವರ್ಷದಿಂದ ವರ್ಷಕ್ಕೆ ಅಗಲವಾಗುವ ಬಿರುಕು ಕಟ್ಟಡದ ಚಲನೆಯನ್ನು ಸೂಚಿಸುತ್ತದೆ. ಅದನ್ನು ಎಂಜಿನಿಯರರಿಗೆ ತೋರಿಸಬೇಕು. ಕಟ್ಟಡದಲ್ಲಿ ಬೇಕೆಂದೇ ಬಿಟ್ಟಿರುವ ಚಲನೆಯ ಸಂದುಗಳನ್ನೂ ಗಟ್ಟಿ ವಸ್ತುವಿನಿಂದ ತುಂಬಬಾರದು.

ಸೆಲ್ಫ್ ಲೆವೆಲಿಂಗ್ ಮಿಶ್ರಣ ಸುರಿಯುವುದರಲ್ಲಿ ಎರಡು ಕಡೆ ಎಡವುವುದುಂಟು. ಮೊದಲನೆಯದು ಪ್ರೈಮರ್, ಅಂದರೆ ಸುರಿಯುವ ಮೊದಲು ನೆಲಕ್ಕೆ ಬಳಿಯುವ ಲೇಪ, ಹಚ್ಚದೆ ಬಿಡುವುದು. ಒಣ ಕಾಂಕ್ರೀಟ್ ಮಿಶ್ರಣದ ನೀರನ್ನು ಥಟ್ಟನೆ ಹೀರಿಕೊಳ್ಳುವುದರಿಂದ ಅದು ಹರಿಯುವ ಮೊದಲೇ ದಪ್ಪಗಾಗುತ್ತದೆ, ರಂಧ್ರಗಳಿಂದ ಹೊರಬಂದ ಗಾಳಿ ಸೂಜಿರಂಧ್ರಗಳನ್ನು ಬಿಡುತ್ತದೆ. ಎರಡನೆಯದು ನೀರು. ಚೆನ್ನಾಗಿ ಹರಿಯಲೆಂದು ನಾನು ಮೊದಲ ಬಕೆಟ್ಟಿಗೆ ಚೀಲದ ಮೇಲೆ ಬರೆದದ್ದಕ್ಕಿಂತ ಅರ್ಧ ಲೀಟರ್ ಹೆಚ್ಚು ಹಾಕಿದ್ದೆ. ಅದು ಹಾಲಿನಂತೆ ಹರಿಯಿತು. ಮರುದಿನ ಉಗುರಿನಿಂದ ಗೀರಿದರೆ ಸೀಮೆಸುಣ್ಣದಂತೆ ಬಿಳಿ ಪುಡಿ ಬಂತು. ಹೆಚ್ಚಾದ ನೀರು ಮೇಲಕ್ಕೆ ಬರುವಾಗ ಸಿಮೆಂಟಿನ ಸಣ್ಣ ಕಣಗಳನ್ನು ಹೊತ್ತು ತಂದು ದುರ್ಬಲವಾದ ಕೆನೆಯೊಂದನ್ನು ಕಟ್ಟುತ್ತದೆ. ಅಂಟು ಆ ಕೆನೆಯನ್ನು ಹಿಡಿಯುತ್ತದೆ, ಕೆನೆ ನೆಲವನ್ನು ಹಿಡಿಯುವುದಿಲ್ಲ. ಆ ಭಾಗವನ್ನೆಲ್ಲ ಉಜ್ಜಿ ತೆಗೆದು, ಉಳಿದ ಚೀಲಗಳಿಗೆ ಅಳತೆಯ ಪಾತ್ರೆಯಲ್ಲೇ ನೀರು ಹಾಕಿದೆ. ಸುರಿಯುವ ಮೊದಲು ಬಾಗಿಲಿನ ಬಳಿ ಮರದ ಪಟ್ಟಿಯ ಅಡ್ಡಕಟ್ಟೆ ಇರಬೇಕು, ಗೋಡೆಯಂಚಿನ ಸಂದುಗಳೂ ಪೈಪಿನ ರಂಧ್ರಗಳೂ ಮುಚ್ಚಿರಬೇಕು. ಕಲಸಿದ ಮೇಲೆ ಕೈಯಲ್ಲಿರುವುದು ಹತ್ತು ಹದಿನೈದು ನಿಮಿಷ ಮಾತ್ರವಾದ್ದರಿಂದ ಒಬ್ಬರು ಕಲಸುತ್ತಿರಲು ಇನ್ನೊಬ್ಬರು ಸುರಿಯುತ್ತಿರುವುದು ಒಳ್ಳೆಯದು.

ಹಳೆಯ ಸೆರಾಮಿಕ್ ಟೈಲಿನ ಮೇಲೆ ಹಾಸುವವರು ಮೊದಲು ಒಂದೊಂದು ಟೈಲನ್ನೂ ಮರದ ಸುತ್ತಿಗೆಯ ಹಿಡಿಯಿಂದ ತಟ್ಟಿ ಕೇಳಬೇಕು. ಟೊಳ್ಳು ಸದ್ದು ಬಂದದ್ದನ್ನು ಕಿತ್ತು ಆ ಜಾಗ ತುಂಬಬೇಕು. ಉಳಿದವುಗಳ ಹೊಳಪನ್ನು ಉಜ್ಜಿ ತೆಗೆದು, ಜಿಡ್ಡು ತೊಳೆದು, ಸಂದುಗಳನ್ನು ಟೈಲಿನ ಮಟ್ಟಕ್ಕೆ ತುಂಬಬೇಕು. ಒಂದು ಸಲ ತುಂಬಿದ್ದು ಒಣಗಿದಾಗ ಇಳಿಯುವುದರಿಂದ ಎರಡನೆಯ ಸಲವೂ ಎಳೆಯಬೇಕಾಗುತ್ತದೆ. ಮರದ ನೆಲವಾದರೆ ಕಿರುಗುಟ್ಟುವ ಕಡೆ ಸ್ಕ್ರೂ ಹಾಕಿ ಬಿಗಿಗೊಳಿಸಿ, ಮೇಲೆ 6 ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪದ, ನೆಲಹಾಸಿಗೆ ತಕ್ಕ ಪ್ಲೈವುಡ್ ಹೊಡೆಯುವುದು ವಾಡಿಕೆ. ಅದರ ಸಂದುಗಳು ಕೆಳಗಿನ ಹಲಗೆಯ ಸಂದುಗಳ ಮೇಲೆಯೇ ಬರಬಾರದು. ಮೊಳೆಯ ತಲೆಗಳು ಮೈಯಿಂದ ಒಂದು ಕೂದಲೂ ಮೇಲೆ ನಿಲ್ಲಬಾರದು.

ತಯಾರಾದ ಕಾಂಕ್ರೀಟ್ ಅಂಟನ್ನು ಹಿಡಿಯುವುದೇ ಎಂದು ತಿಳಿಯಲು ಅಲ್ಲಲ್ಲಿ ಒಂದೊಂದು ಹನಿ ನೀರು ಬಿಟ್ಟು ನೋಡಿದೆ. ಹೆಚ್ಚಿನ ಕಡೆ ಹನಿ ಒಂದು ನಿಮಿಷದೊಳಗೆ ಇಂಗಿ ಕಪ್ಪು ಚುಕ್ಕೆಯಾಯಿತು. ಹಿಂದೆ ಕಪಾಟು ನಿಂತಿದ್ದ ಜಾಗದಲ್ಲಿ ಮಾತ್ರ ಕೆಸುವಿನೆಲೆಯ ಮೇಲಿನಂತೆ ದುಂಡಗೆ ಕುಳಿತಿತ್ತು. ಅಲ್ಲಿ ಯಾವುದೋ ಕಾಲದ ಮೇಣವೋ ವಾರ್ನಿಷೋ ಉಳಿದಿತ್ತು. ದ್ರಾವಕ ಹಾಕಿ ಕರಗಿಸಿದರೆ ಅದು ರಂಧ್ರಗಳೊಳಗೆ ಇಳಿದು ಮುಂದೆ ಅಂಟನ್ನು ಕೆಡಿಸುತ್ತದೆಂದು, ಅಷ್ಟಗಲವನ್ನು ಉಜ್ಜಿಯೇ ತೆಗೆದೆ. ಮತ್ತೆ ಹನಿ ಬಿಟ್ಟಾಗ ಇಂಗಿತು.

ಕೊನೆಯ ದಿನ ಗೋಡೆಯ ಬುಡದ ಸ್ಕರ್ಟಿಂಗ್ ಪಟ್ಟಿಗಳನ್ನು ಬಿಚ್ಚಿ, ಬಾಗಿಲ ಚೌಕಟ್ಟಿನ ಬುಡವನ್ನು ಹಾಳೆ ತೂರುವಷ್ಟು ಕೊಯ್ದು, ನೆಲವನ್ನು ವ್ಯಾಕ್ಯೂಮ್‌ನಿಂದ ಎರಡು ಸಲ ಎಳೆದೆ. ಆಮೇಲೆ ಕಪ್ಪು ಬಟ್ಟೆಯೊಂದನ್ನು ನೆಲದ ಮೇಲೆ ಒತ್ತಿ ಸವರಿ ನೋಡಿದೆ. ಬಟ್ಟೆಗೆ ಬಿಳಿ ಹಿಡಿಯಿತು, ಇನ್ನೊಂದು ಸಲ ಎಳೆದೆ. ವಿನೈಲ್ ಸುರುಳಿ ಎರಡು ದಿನಗಳಿಂದ ಅದೇ ಕೋಣೆಯಲ್ಲಿ, ಅದೇ ಉಷ್ಣತೆಗೆ ಹೊಂದಿಕೊಳ್ಳುತ್ತ ಕಾದಿತ್ತು. ರಾತ್ರಿ ದೀಪವಾರಿಸಿ ಟಾರ್ಚನ್ನು ಮತ್ತೊಮ್ಮೆ ನೆಲಕ್ಕೆ ಮಲಗಿಸಿದಾಗ ಬೆಳಕು ಎಲ್ಲಿಯೂ ತಡೆಯದೆ ಎದುರು ಗೋಡೆಯ ಬುಡದವರೆಗೆ ಹರಿಯಿತು. ಕಿಟಕಿಯ ಹತ್ತಿರ ಒಂದೇ ಒಂದು ನೆರಳಿತ್ತು. ಹೋಗಿ ಮುಟ್ಟಿದರೆ ಅದು ಮರಳಿನ ಕಣ. ಬೆರಳಿನಲ್ಲಿ ಎತ್ತಿ ಹೊರಗೆ ಹಾಕಿ, ಬೆಳಗ್ಗೆ ಅಂಟಿನ ಡಬ್ಬಿ ತೆರೆದೆ.